ಒಂದು ಎತ್ವ, ಒಂದು ಯಕಾರ

ಮಾರ್ಚ್ 4, ಮಂಗಳವಾರ

ಇವತ್ತೂ ಇವನ ಬ್ರಷ್‌ನಲ್ಲೇ ಹಲ್ಲುಜ್ಜಿಬಿಟ್ಟೆ. ಎರಡೂ ನೀಲಿ, ತಪ್ಪು ನನ್ನದಲ್ಲ. "ಬೇರೆ ಬಣ್ಣದ್ದು ತಂದುಕೊಡ್ತೀನಿ" ಅಂದ. ಬೇಡ ಅಂದೆ. ನನ್ನ ಗಂಡ! ಈ ಪದ ಬರೆದಾಗಲೆಲ್ಲ ಇನ್ನೂ ನಗು ಬರುತ್ತೆ, ಚಿಕ್ಕವಳಿದ್ದಾಗ ಅಮ್ಮನ ಚಪ್ಪಲಿ ಹಾಕಿಕೊಂಡು ಮನೆಯೆಲ್ಲ ಸುತ್ತಿದ ಹಾಗೆ.

ಡೈರಿ ಕನ್ನಡದಲ್ಲೇ ಬರೀಬೇಕು ಅಂತ ಹಠ. "ಇಂಗ್ಲಿಷ್ ಮೀಡಿಯಂ ಸೊಸೆ" ಅಂತ ಹೆಸರು ಬಿದ್ದಿದೆ. ಕಾರಣ ಆ ಮೆಸೇಜ್. ಮದುವೆ ಗೊತ್ತಾದ ಹೊಸತರಲ್ಲಿ ಇವನನ್ನು ಇಂಪ್ರೆಸ್ ಮಾಡೋಣ ಅಂತ ಕನ್ನಡದಲ್ಲಿ ಟೈಪ್ ಮಾಡಿದ್ದೆ: "ಇನ್ನು ಮೇಲೆ ನಿನಗೆ ದಿನಾ ಬರುತ್ತೇನೆ." ಬರೆಯುತ್ತೇನೆ ಅನ್ನಬೇಕಿತ್ತು. ಒಂದು ಎತ್ವ, ಒಂದು ಯಕಾರ — ದಾರಿಯಲ್ಲಿ ಎಲ್ಲೋ ಬಿದ್ದುಹೋದವು. ಇವನು ಗಾಬರಿಯಾಗಿ ಮನೆಯವರಿಗೆಲ್ಲ ತೋರಿಸಿದ. ಆ ಸಂಜೆ ಮಾವ ಇಸ್ತ್ರಿ ಶರ್ಟ್ ಹಾಕಿಕೊಂಡು ಹಾಲ್‌ನಲ್ಲಿ ಕಾದು ಕೂತಿದ್ದರಂತೆ.

ಬೆಳಗ್ಗೆ ತಿಂಡಿಗೂ ಅದೇ ಜೋಕ್. "ಹುಡುಗಿ ಮಾತಿಗೆ ತಪ್ಪಲಿಲ್ಲ ನೋಡು, ಬಂದೇಬಿಟ್ಟಳು" ಅಂತ ಮಾವ. ಎಲ್ಲರೂ ನಕ್ಕೆವು. ಅತ್ತೆ ಮಾತ್ರ ತಟ್ಟೆ ಎತ್ತುತ್ತಾ, "ಎರಡಕ್ಷರ ಬಿದ್ರೆ ಎಷ್ಟು ಲಾಭ ಅಂತ ನಿಮಗೇನು ಗೊತ್ತು" ಅಂದರು.

ಲಾಭ? ನಾನೇ ಇರಬೇಕು! ಕುಣಿದುಕೊಂಡು ಆಫೀಸಿಗೆ ಹೋದೆ.

ಮಾರ್ಚ್ 5, ಬುಧವಾರ

ಈ ಮನೆಯಲ್ಲಿ ಹವ್ಯಾಸಕ್ಕೆ ಒಂದು ಇಡೀ ರೂಮಿದೆ. ಮಾವನದು. ತೆಳ್ಳನೆಯ ಮರದ ಹಾಳೆ ಕತ್ತರಿಸಿ, ಗೋಂದು ಹಚ್ಚಿ ಪುಟ್ಟ ವಿಮಾನ ಮಾಡುತ್ತಾರೆ. ಮನೆಯವರೆಲ್ಲ ಆ ರೂಮಿಗೆ ಏರ್‌ಪೋರ್ಟ್ ಅನ್ನುತ್ತಾರೆ. ಒಂದೂ ನೆಟ್ಟಗೆ ಹಾರಿದ್ದಿಲ್ಲ. ಅಲ್ಲಿ ಜಾಗ ಸಾಲದೆ ರೆಕ್ಕೆಗಳು ಈಗ ಊಟದ ಟೇಬಲ್ಲಿಗೂ ಬಂದಿಳಿದಿವೆ. ನನ್ನ ಹವ್ಯಾಸ, ಹವ್ಯಾಸಗಳನ್ನು ಶುರು ಮಾಡುವುದು. ಯುಕುಲೆಲೆ ಅನ್ನೋ ಪುಟ್ಟ ಗಿಟಾರು, ಜೇಡಿಮಣ್ಣು, ಅರ್ಧ ಹೂವಿನ ಕಸೂತಿ... ಎಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ನನ್ನ ಜೊತೆ ಗಂಡನ ಮನೆಗೆ ಬಂದಿವೆ. ಇವನಿಗೆ ಹವ್ಯಾಸವೇ ಇಲ್ಲ. ದಿನವಿಡೀ ಲಿಫ್ಟ್ ರಿಪೇರಿ; ಮನೆಗೆ ಬಂದರೆ ಮೆಟ್ಟಿಲು ಹತ್ತುವುದೇ ಹವ್ಯಾಸ ಅನ್ನುತ್ತಾನೆ.

ಅತ್ತೆಯದು ಏನು ಅಂತ ಮದುವೆಗೆ ಮುಂಚೆ ಕೇಳಿದ್ದೆ. "ಅಮ್ಮ ಹಿಂದೆ ಏನೋ ಬರೀತಿದ್ರು" ಅಂದಿದ್ದ. ಏನೋ! ಕಾದಂಬರಿ ಕಣೋ ಅದು! ಒಂದೇ ಒಂದು, ಆದರೆ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತೆ. ಈಗ ಸಿನಿಮಾ ಬೇರೆ ಆಗಿದೆ. ಶೂಟಿಂಗ್ ಮುಗಿದು ಎಡಿಟಿಂಗ್ ನಡೀತಿದೆ. ಡೈರೆಕ್ಟರ್ ಒಬ್ಬಳು ಹುಡುಗಿ, ನನಗಿಂತ ಸ್ವಲ್ಪ ದೊಡ್ಡವಳು. ಮೊಣಕಾಲ ತನಕ ಲೇಸ್ ಇರುವ ಬೂಟು ಹಾಕುತ್ತಾಳೆ. ಬಾಗಿಲಲ್ಲಿ ಅದನ್ನು ಬಿಚ್ಚಿ ಮುಗಿಸುವಷ್ಟರಲ್ಲಿ ಟೀ ಆರುತ್ತೆ. ಮಾವ ಇಟ್ಟ ಹೆಸರು ಬೂಟಮ್ಮ.

ಬೂಟಮ್ಮ ಇವತ್ತು ಬಂದು ನನಗೇ ಕೆಲಸ ಕೊಟ್ಟು ಹೋದಳು! ನನ್ನ ಹೊಟ್ಟೆಪಾಡೇ ಸಬ್‌ಟೈಟಲ್ ತಾನೆ — ಪರದೆ ಮೇಲಿನವರು ಆಡಿದ್ದನ್ನು ಇಂಗ್ಲಿಷ್‌ನಲ್ಲಿ ಕೆಳಗೆ ಕೂರಿಸುವುದು. ಎರಡೇ ಸಾಲು. ಬಸ್ಸಿನ ಸೀಟಿನ ಹಾಗೆ, ಯಾರನ್ನೋ ನಿಲ್ಲಿಸಲೇಬೇಕು. ಆದರೆ ಇದು ನಮ್ಮ ಅತ್ತೆಯ ಸಿನಿಮಾ. ಯಾರನ್ನು ನಿಲ್ಲಿಸಲಿ? ಮೊದಲು ಪುಸ್ತಕ ಓದುತ್ತೇನೆ. ಪೂರ್ತಿ. ಕನ್ನಡದಲ್ಲೇ.

ಮಾರ್ಚ್ 9, ಭಾನುವಾರ, ಮಧ್ಯಾಹ್ನ

ಓದಿ ಮುಗಿಸಿದೆ!! ಒತ್ತಕ್ಷರಕ್ಕೆಲ್ಲ ತಡವರಿಸಿಕೊಂಡು, ತುಟಿ ಅಲ್ಲಾಡಿಸಿಕೊಂಡು ಓದಿದೆ. ಮೈ ಜುಮ್ ಅಂತಿದೆ.

ಒಬ್ಬ ಹೆಂಗಸು. ಹೆಸರಿಲ್ಲ, ಬರೀ "ಅವಳು". ಚಿಕ್ಕವಳಿದ್ದಾಗಿಂದ ಇದ್ದಿಲ ಚೂರಿನಲ್ಲಿ ಗೋಡೆ ಮೇಲೆ ಚಿತ್ರ ಬರೆಯುವವಳು. ಗಂಡನ ಮನೆಯಲ್ಲಿ ಅಡುಗೆಮನೆಯ ಬಾಗಿಲ ಹಿಂದಿನ ಗೋಡೆಯಲ್ಲಿ ಒಂದು ನದಿ ಬರೆಯುತ್ತಾಳೆ. ಬಾಗಿಲು ತೆರೆದಿದ್ದರೆ ನದಿ ಕಾಣಲ್ಲ. ಎಲ್ಲರೂ ಮಲಗಿದ ಮಧ್ಯಾಹ್ನಗಳಲ್ಲಿ ಬಾಗಿಲು ಹಾಕಿ ಅದಕ್ಕೆ ಒಂದು ದೋಣಿ, ಒಂದು ಮರ ಸೇರಿಸುತ್ತಾಳೆ. ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಒಂದು ದಿನ ಮನೆಗೆ ಬಣ್ಣ ಬಳಿಯುವವರು ಬರುತ್ತಾರೆ, ಅಷ್ಟೆ. ಬಕೆಟ್ ಎತ್ತಿ ಕೊಡುವವಳೂ ಅವಳೇ. ಕೊನೆಯ ಎರಡು ವಾಕ್ಯ ನೋಡಿ ಬರೆದುಕೊಳ್ಳುತ್ತಿದ್ದೇನೆ:

"ಬಣ್ಣ ಒಣಗುವ ತನಕ ಅವಳು ಹೊರಗೆ ನಿಂತಿದ್ದಳು. ಮತ್ತೆ ಬರಲಿಲ್ಲ."

ಹೋಗಿಯೇಬಿಟ್ಟಳು! ಕೂಗಾಟ ಇಲ್ಲ, ಭಾಷಣ ಇಲ್ಲ. ಅಡುಗೆಮನೆಗೆ ಓಡಿ ಅತ್ತೆಯನ್ನು ಹಿಂದಿನಿಂದ ತಬ್ಬಿಕೊಂಡೆ. "ಸೌಟು, ಸೌಟು, ಬಿಸಿ ಇದೆ ಕಣೇ" ಅಂದರು. "ಅತ್ತೆ, ಆ ಕೊನೆ! ಆ ಒಂದು ಸಾಲು ಸಾಕು!" ಅಂದೆ. "ಎಲ್ಲರೂ ಹಾಗೇ ಅಂತಾರೆ" ಅಂದರು. ಕುಕ್ಕರ್ ಕಡೆ ತಿರುಗಿಕೊಂಡರು. ನಾನು ಅಷ್ಟು ಹೊಗಳಿದ್ದಕ್ಕೆ ಮುಖ ಯಾಕೆ ಸಪ್ಪಗಾಗಬೇಕು?

ಪುಸ್ತಕದ ಹಿಂದೆ ಫೋಟೋ ಇದೆ. ದಪ್ಪ ಜಡೆ, ಗಲ್ಲಕ್ಕೆ ಪೆನ್ನು ಆನಿಸಿಕೊಂಡ ಹುಡುಗಿ. ನನ್ನ ವಯಸ್ಸು! ಹೊಸದಾಗಿ ಮದುವೆ ಆದವಳು. ಆ ಜಡೆಗೂ ಈ ನರೆತ ತುರುಬಿಗೂ ನಡುವೆ ಎಷ್ಟು ವರ್ಷ ಹೋಯಿತು, ಆ ವರ್ಷಗಳಲ್ಲಿ ಏನು ಬರೆದರು? ಏನೂ ಇಲ್ಲ. ಯಾಕೆ? ಕೇಳಬೇಕು ಅನ್ನಿಸಿ ನಾಲಿಗೆ ತುರಿಸುತ್ತಿದೆ.

ಮಾರ್ಚ್ 12, ಬುಧವಾರ

ಸಿನಿಮಾ ಪೂರ್ತಿ ನೋಡಿದೆ. ಪುಸ್ತಕದಲ್ಲಿ ಇದ್ದಿಲಿನ ನದಿ, ಸಿನಿಮಾದಲ್ಲಿ ನೀಲಿ. "ಕ್ಯಾಮೆರಾಗೆ ಕಪ್ಪು ನೀರು ನೀರಿನ ಹಾಗೆ ಕಾಣಲ್ವಂತೆ, ಬಿಡು" ಅಂದರು ಅತ್ತೆ, ಬೇಜಾರೇ ಇಲ್ಲದೆ. ಪುಸ್ತಕದಲ್ಲಿ ಗಂಡ ಮಾತಾಡುವುದು ಎರಡೋ ಮೂರೋ ಸಲ. ಇಲ್ಲಿ ಒಂದು ಹಾಡನ್ನೇ ಗುನುಗುತ್ತಾನೆ. ತಮಾಷೆ — ಇಷ್ಟೆಲ್ಲ ಬದಲಾಯಿಸಿದರೂ ಅದೇ ಕಥೆ ಅನ್ನಿಸುತ್ತೆ. ಹಾಗಾದರೆ ಕಥೆ ಅನ್ನುವುದು ಎಲ್ಲಿರುತ್ತೆ? ಯಾವುದನ್ನು ತೆಗೆದರೆ ಅದು ಅದಲ್ಲ ಅನ್ನಿಸುತ್ತೆ?

ಕೊನೆಯ ಶಾಟ್: ಒದ್ದೆ ಬಿಳಿ ಗೋಡೆ, ತೆರೆದ ಬಾಗಿಲು. ಹೊರಗೆ ನಿಂತ ಅವಳು ಮೆಲ್ಲಗೆ ಚೌಕಟ್ಟಿನಾಚೆ ಹೋಗುತ್ತಾಳೆ. ಗೇಟು ಅಲ್ಲಾಡುತ್ತೆ. ಹಿನ್ನೆಲೆಯಲ್ಲಿ ಧ್ವನಿ: "ಮತ್ತೆ ಬರಲಿಲ್ಲ." ಅತ್ತೆದೇ ಮಾತು. ಅದೊಂದನ್ನು ಬೂಟಮ್ಮ ಮುಟ್ಟಿಲ್ಲ.

ಮಾರ್ಚ್ 13, ಗುರುವಾರ, ಸಂಜೆ

ಇವತ್ತಿನದನ್ನು ಬರೆದೇ ತೀರಬೇಕು.

ಇವನು ಡ್ಯೂಟಿಯಲ್ಲಿ, ಮಾವ ಏರ್‌ಪೋರ್ಟ್‌ನಲ್ಲಿ. ನಾನು ಊಟದ ಟೇಬಲ್ಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೊನೆಯ ಸಾಲು ಕೂರಿಸುತ್ತಿದ್ದೆ. ಅತ್ತೆ ಪಕ್ಕದಲ್ಲಿ ಬಟಾಣಿ ಬಿಡಿಸುತ್ತಾ ಕೂತಿದ್ದರು.

"ಅದಕ್ಕೆ ಇಂಗ್ಲಿಷಲ್ಲಿ ಏನು ಹಾಕಿದ್ದೀಯ?"

"ಶಿ ನೆವರ್ ಕೇಮ್ ಬ್ಯಾಕ್."

ಅತ್ತೆ ಒಂದು ಸಿಪ್ಪೆ ಬಿಡಿಸಿದರು. ಕಾಳು ತೆಗೆಯುವುದು ಮರೆತು ಹಾಗೇ ಹಿಡಿದುಕೊಂಡಿದ್ದರು. "ಹಾಗಾದ್ರೆ ಇಂಗ್ಲಿಷಲ್ಲೂ ಹೊರಟುಹೋದಳು" ಅಂದರು.

"ಅಂದ್ರೆ?"

"ನಾನು ಬರೆದದ್ದು 'ಮತ್ತೆ ಬರೆಯಲಿಲ್ಲ' ಅಂತ ಕಣೇ. ಬಣ್ಣ ಒಣಗುವ ತನಕ ಹೊರಗೆ ನಿಂತಿದ್ದಳು. ಮತ್ತೆ ಬರೆಯಲಿಲ್ಲ. ಅಚ್ಚಿನಲ್ಲಿ ನಿನ್ನ ಮೆಸೇಜಿನ ಹಾಗೆ ಆಯ್ತು. ಅದೇ ಎತ್ವ. ಅದೇ ಯಕಾರ."

ಅಂದರೆ ಅವಳು ಹೋಗಲೇ ಇಲ್ಲ! ಬಣ್ಣ ಒಣಗಿದ ಮೇಲೆ ಒಳಗೆ ಬಂದಳು, ಅಡುಗೆ ಮಾಡಿದಳು, ಚಿತ್ರ ಬರೆಯುವುದನ್ನು ಬಿಟ್ಟಳು. ಅಷ್ಟೆ. ಗೇಟು ಅಲ್ಲಾಡಲೇ ಇಲ್ಲ.

"ನೀವು ಹೇಳಲೇ ಇಲ್ವಾ ಅತ್ತೆ? ಯಾರಿಗೂ?"

"ಅಚ್ಚಿನವರಿಗೆ ಫೋನ್ ಮಾಡೋಣ ಅಂತಲೇ ಇದ್ದೆ. ಅಷ್ಟರಲ್ಲಿ ಓದಿದವರು ಹೊಗಳೋಕೆ ಶುರು ಮಾಡಿದ್ರು. ಕೊನೆ ಎಂಥಾ ಧೈರ್ಯದ್ದು ಅಂತ. ಒಬ್ಬಳು ಟೀಚರ್ ಮನೆಗೇ ಬಂದು, ಕೈ ಹಿಡ್ಕೊಂಡು ಅತ್ತಳು — ಅವಳು ಹೋದಳಲ್ಲ, ನನಗೆ ಉಸಿರು ಬಂತು ಅಂತ. ಅವಳಿಗೆ ಏನು ಹೇಳಲಿ? ಇಲ್ಲ ಕಣ್ರೀ, ಅವಳು ಒಳಗೇ ಇದ್ದಾಳೆ, ಬಟಾಣಿ ಬಿಡಿಸ್ತಿದ್ದಾಳೆ ಅನ್ನಲಾ?"

ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಮಾಡಿದೆ. ಆಮೇಲೆ ತಡೆಯಲಾಗದೆ ಕೇಳಿಯೇಬಿಟ್ಟೆ: ಮತ್ತೆ ಯಾಕೆ ಬರೆಯಲಿಲ್ಲ ನೀವು? ಮಾವ ಬೇಡ ಅಂದ್ರಾ?

"ಪಾಪ, ಅವರೇನು ಅಂತಾರೆ. ಬರಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಇದೇ ಟೇಬಲ್ ಮೇಲೆ ಊಟದ ತಟ್ಟೆ ಎತ್ತಿದ ಮೇಲೆ ಕೂರ್ತಿದ್ದೆ. ಆದ್ರೆ ಕೂತಾಗಲೆಲ್ಲ ಒಂದೇ ಯೋಚನೆ — ಜನ ಮೆಚ್ಚಿದ ಸಾಲು ನಂದಲ್ಲ. ನನಗಿಂತ ಅಚ್ಚಿನ ಮಿಷನ್ನೇ ಚೆನ್ನಾಗಿ ಬರೆಯಿತಲ್ಲ ಅಂತ." ಕಾಳುಗಳನ್ನು ಬಟ್ಟಲಿಗೆ ಸುರಿದರು. "ಹಾಗೇ ವರ್ಷ ಹೋಯ್ತು. ವರ್ಷಕ್ಕೇನು, ಅದು ಹೇಳಿ ಹೋಗಲ್ಲ."

ನಾನು ಅಂದೆ, ಅತ್ತೆ, ನನ್ನ ಕೈಯಲ್ಲಿದೆ. ಇಂಗ್ಲಿಷ್‌ನಲ್ಲಿ ಸರಿಯಾದದ್ದು ಹಾಕಿಬಿಡಲಾ? "ಶಿ ನೆವರ್ ಡ್ರೂ ಅಗೇನ್." ಕನ್ನಡದವರಿಗೆ ಅವಳು ಹೋಗಲಿ, ಮಿಕ್ಕವರಿಗೆ ಇರಲಿ!

"ಕಳ್ಳತನ ಬೇಡ" ಅಂದರು. ಗದರಲಿಲ್ಲ. ಆದರೆ ಬಟಾಣಿ ಸಿಪ್ಪೆ ಒಟ್ಟು ಮಾಡುತ್ತಾ, ಯಾರೋ ಅಂಗಡಿಯಲ್ಲಿ ದರ ವಿಚಾರಿಸುವ ಹಾಗೆ, "ಅದನ್ನ ಈಗಲೂ ಬದಲಾಯಿಸೋಕೆ ಆಗುತ್ತಾ?" ಅಂತ ಕೇಳಿದರು.

ಮಾರ್ಚ್ 20, ಗುರುವಾರ

ಒಂದು ವಾರ ಡೈರಿ ಮುಟ್ಟಲಿಲ್ಲ. ಬರೆದರೆ ಎಲ್ಲಿ ಇವನಿಗೆ ಬಾಯಿ ಬಿಟ್ಟುಬಿಡುತ್ತೇನೋ ಅಂತ. ಹೊಟ್ಟೆಯಲ್ಲಿ ಮಾತು ಇಟ್ಟುಕೊಂಡು ನಗುನಗುತ್ತಾ ಓಡಾಡಿದೆ. "ಏನೋ ಮುಚ್ಚಿಡ್ತಿದ್ದೀಯ, ಓವರ್‌ಲೋಡ್ ಆದ ಲಿಫ್ಟ್ ಹಾಗೆ ಬೀಪ್ ಬೀಪ್ ಅಂತಿದ್ದೀಯ" ಅಂದ. ಮುತ್ತು ಕೊಟ್ಟು ಬಾಯಿ ಮುಚ್ಚಿಸಿದೆ.

ನಿನ್ನೆ ಕಸೂತಿ ಬಟ್ಟೆ ಪೆಟ್ಟಿಗೆಯಿಂದ ತೆಗೆದು, ಅರ್ಧ ಹೂವಿಗೆ ಒಂದು ಎಸಳು ಹಾಕಿದೆ. ಹೆದರಿಕೆಗೆ ಇರಬೇಕು. ಯಾರೂ ಬೇಡ ಅನ್ನದೆಯೂ ಬಿಟ್ಟುಹೋಗುತ್ತೆ ಅಂತ ಗೊತ್ತಿರಲಿಲ್ಲ.

ಮಾರ್ಚ್ 23, ಭಾನುವಾರ

ಬೂಟಮ್ಮ ಬಂದಿದ್ದಳು. ಒಂದು ಬೂಟು ಬಿಚ್ಚಿ, ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಅತ್ತೆ ಬಾಗಿಲಲ್ಲೇ ಹೇಳಿಬಿಟ್ಟರು. "ನೋಡಮ್ಮಾ, ಆ ಕೊನೇ ಸಾಲು ನಂದಲ್ಲ, ಅಚ್ಚಿನ ತಪ್ಪು." ನಿಜವಾದದ್ದು ಏನು ಅಂತಲೂ ಹೇಳಿದರು. ಎಲ್ಲರ ಎದುರಿಗೆ. ಇವನು ಬಾಯಿ ತೆರೆದುಕೊಂಡು ನಿಂತ. ಮಾವ ಗೋಂದಿನ ಬ್ರಷ್ ಹಿಡಿದು ಹೊರಗೆ ಬಂದವರು ಹಾಗೇ ನಿಂತರು.

ಬೂಟಮ್ಮ ನೆಲದ ಮೇಲೆ ಕುಸಿದಳು, ಒಂದು ಕಾಲಲ್ಲಿ ಬೂಟು. "ಆಂಟಿ... ನಾನು ಕಾಲೇಜಲ್ಲಿ ಆ ಸಾಲು ಓದಿ ಮನೆ ಬಿಟ್ಟವಳು."

ಅತ್ತೆಯ ಮುಖದಲ್ಲಿ ರಕ್ತ ಇರಲಿಲ್ಲ. ಮೆಲ್ಲಗೆ ಕೇಳಿದರು, "ಮತ್ತೆ ಹೋಗಲೇ ಇಲ್ವಾ ಮಗು?"

"ಹೋಗ್ತೀನಲ್ಲ. ಎಲ್ಲಾ ಭಾನುವಾರ. ಬಟ್ಟೆ ಒಗೆಯೋಕೆ. ನನ್ನ ವಾಷಿಂಗ್ ಮಿಷನ್ ಕೆಟ್ಟಿದೆ."

ಮೊದಲು ನಕ್ಕಿದ್ದು ಮಾವ. ಆಮೇಲೆ ಮನೆಯೇ ನಕ್ಕಿತು, ಬೂಟಮ್ಮನೂ, ಕಣ್ಣೊರೆಸಿಕೊಂಡು.

ಟೀ ಆದ ಮೇಲೆ ಅವಳು ಅಂದಳು: ಆ ಸಾಲು ಬರೀ ಧ್ವನಿ, ಪರದೆ ಮೇಲೆ ಯಾರ ತುಟಿಯೂ ಇಲ್ಲ. ಶುಕ್ರವಾರ ಡಬ್ಬಿಂಗ್ ಸ್ಟುಡಿಯೋ ಇದೆ. "ನೀವು ಯಾವುದು ಅಂತೀರೋ ಅದು, ಆಂಟಿ. ಅವಳು ಒಳಗೆ ಬರಬೇಕು ಅಂದ್ರೆ ಆ ಶಾಟ್ ಕೂಡ ಇದೆ, ತೆಗೆದು ಇಟ್ಟಿದ್ದೀನಿ. ನನ್ನ ಹೊಟ್ಟೆ ಉರಿಯುತ್ತೆ, ಆದ್ರೂ ಹಾಕ್ತೀನಿ. ಕಥೆ ನಿಮ್ಮದು."

"ಹೋದಳು ಅನ್ನೋದು ಮಿಷನ್ನಿನ ಮಾತು. ಬಿಟ್ಟಳು ಅನ್ನೋದು ಆ ಜಡೆಯವಳ ಮಾತು" ಅಂದರು ಅತ್ತೆ. "ಅವಳಿಗೆ ಆಗ ಅಷ್ಟೇ ಗೊತ್ತಿತ್ತು." ನನ್ನ ಕಡೆ ತಿರುಗಿದರು. "ಏ ಸಬ್‌ಟೈಟಲ್, ಅಷ್ಟು ಹೊತ್ತಿನಲ್ಲಿ ಎಷ್ಟು ಪದ ಹಿಡಿಯುತ್ತೆ?"

"ಐದಾರು, ಅತ್ತೆ. ಗೇಟು ನಿಲ್ಲೋ ತನಕ ಕಾದ್ರೆ ಇನ್ನೂ ಒಂದೆರಡು."

"ಸಾಕು" ಅಂದರು. ಏನಕ್ಕೆ ಸಾಕು ಅಂತ ಹೇಳಲಿಲ್ಲ!

ಮಾರ್ಚ್ 27, ಗುರುವಾರ, ಸಂಜೆ ಐದು

ನಾಳೆ ಡಬ್ಬಿಂಗ್. ಬೂಟಮ್ಮ ಎರಡು ಸಲ ಫೋನ್ ಮಾಡಿದಳು. "ಅತ್ತೆ ಹೊಸ ಸಾಲು ಇನ್ನೂ ಬರೆದಿಲ್ಲ" ಅಂದೆ. ಮೂರು ದಿನ ಅತ್ತೆ ಬಟ್ಟೆ ಮಡಿಸಿದರು, ಡಬ್ಬ ತೊಳೆದರು, ಗಿಡಕ್ಕೆ ಎರಡೆರಡು ಸಲ ನೀರು ಹಾಕಿದರು. ಟೇಬಲ್ ಹತ್ತಿರ ಹೋಗಿದ್ದು ಬರೀ ಒರೆಸುವುದಕ್ಕೆ. ಇವತ್ತು ಮಧ್ಯಾಹ್ನ ನನಗೆ ಅಂದರು, "ಮಿಷನ್ನಿನದೇ ಇರಲಿ ಅಂತ ಅವಳಿಗೆ ಹೇಳಿಬಿಡೇ. ಕೈ ಹೋಗಿದೆ ನಂದು."

ನಾನು ಹೇಳಲಿಲ್ಲ. ಫೋನ್ ಸೈಲೆಂಟ್ ಮಾಡಿ ದಿಂಬಿನ ಕೆಳಗಿಟ್ಟೆ. ಇದು ಕಳ್ಳತನವೋ ಅಲ್ಲವೋ ಗೊತ್ತಿಲ್ಲ.

ಈಗ ರೂಮಿನ ಬಾಗಿಲು ಒಂಚೂರು ತೆರೆದು, ಸಂದಿಯಿಂದ ನೋಡುತ್ತಾ ಬರೆಯುತ್ತಿದ್ದೇನೆ. ಮಾವ ಊಟದ ಟೇಬಲ್ಲಿನಿಂದ ರೆಕ್ಕೆ, ಬಾಲ, ಗೋಂದು, ಎಲ್ಲ ಒಂದೊಂದಾಗಿ ಎತ್ತಿ ಏರ್‌ಪೋರ್ಟಿಗೆ ಸಾಗಿಸಿದರು. ಕೊನೆಗೆ ತಮ್ಮ ಟೇಬಲ್ ಲ್ಯಾಂಪ್ ತಂದಿಟ್ಟು, ಸ್ವಿಚ್ ಹಾಕಿ, ಅದರ ಕತ್ತು ಒಂದಿಷ್ಟು ಬಗ್ಗಿಸಿ ಬೆಳಕು ಸರಿ ಮಾಡಿದರು. "ಇನ್ನೂ ಬೆಳಕಿದೆಯಲ್ರೀ" ಅಂದರು ಅತ್ತೆ. "ಇರಲಿ, ಆಮೇಲೆ ಬೇಕಾಗುತ್ತೆ" ಅಂದರು ಮಾವ.

ಅತ್ತೆ ಕೈ ಒರೆಸಿಕೊಂಡರು. ಕೂತರು. ಎದ್ದರು. ನೀರು ಕುಡಿದರು. ಕೂತರು. ಪೆನ್ಸಿಲ್ ಚೂಪು ಮಾಡುವ ಸದ್ದು...

ಇವನು ಬಂದ. ಬ್ಯಾಗ್ ಇನ್ನೂ ಹೆಗಲಲ್ಲೇ ಇದೆ. "ಯಾಕೆ ಬಾಗಿಲ ಸಂದೀಲಿ ಬೆಕ್ಕಿನ ಹಾಗೆ ಕೂತಿದ್ದೀಯ? ಅಮ್ಮ ಏನ್ ಮಾಡ್ತಿದ್ದಾರೆ?" ಅಂತ ನನ್ನ ತಲೆಯ ಮೇಲಿಂದ ಬಗ್ಗಿ ನೋಡುತ್ತಿದ್ದಾನೆ. ಶ್ ಅಂದೆ. ಮಾತಾಡಿದರೆ ಅವರಿಗೆ ಕೇಳಿಸುತ್ತೆ. ಇಲ್ಲೇ ಬರೆದು ತೋರಿಸುತ್ತೇನೆ, ಓದಿಕೋ —

ಅತ್ತೆ ಬರೆಯುತ್ತಿದ್ದಾರೆ.