ತುಂಬೆಯ ಮೀಸೆ

ಕಲ್ಲೂರು
18 ಫೆಬ್ರವರಿ 2024

ಕೆಂಪಕ್ಕನಿಗೆ ಗೋವಿಂದನ್ ಮಾಡುವ ನಮಸ್ಕಾರಗಳು.

ಇಪ್ಪತ್ತು ವರ್ಷ "ಏ ಕೆಂಪಿ" ಎಂದು ಕೂಗಿದವನು ಈಗ ಅಕ್ಕ ಎಂದು ಬರೆದನಲ್ಲ ಎಂದು ನಗಬೇಡ. ನೀನು ನನಗಿಂತ ಆರು ವರ್ಷ ದೊಡ್ಡವಳು, ಮೊದಲೇ ಹಾಗೆ ಕರೆಯಬೇಕಿತ್ತು. ನೀನು ಲಾಯದ ಕೆಲಸ ಬಿಟ್ಟು ಮರಕ್ಕಡವಿಗೆ ಮಗಳ ಮನೆಗೆ ಹೋಗಿ ಇಂದಿಗೆ ಇಪ್ಪತ್ತೈದು ದಿನ. ಇಷ್ಟು ದಿನ ಬರೆಯದೆ ಇದ್ದುದಕ್ಕೆ ಕೆಲಸ, ಜ್ವರ ಎಂದೆಲ್ಲ ನೆಪ ಹೇಳಬಹುದು. ಯಾವುದೂ ಅಲ್ಲ, ನನಗೆ ಮುಖವಿರಲಿಲ್ಲ. ಎರಡು ಸಲ ಪುಲ್ಪಳ್ಳಿವರೆಗೆ ಬಸ್ಸಿನಲ್ಲಿ ಬಂದು, ಸ್ಟ್ಯಾಂಡಿನಲ್ಲಿ ಚಾ ಕುಡಿದು, ಅದೇ ಬಸ್ಸಿಗೆ ಹತ್ತಿ ವಾಪಸಾಗಿದ್ದೇನೆ. ಎಂಥ ಗಂಡಸು ನೋಡು.

ಶೋಭಾ, ನೀನು ಹೊಳೆಯಾಚೆಯ ಕನ್ನಡ ಶಾಲೆಯಲ್ಲಿ ಓದಿದವಳು ಎಂದೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಸಹಿಸಿಕೋ. ಅಮ್ಮನಿಗೆ ಜೋರಾಗಿ ಓದಿ ಹೇಳು, ನನ್ನ ಮಾನ ಹೋಗುವ ಕಡೆ ದಾಟಿಸಿಬಿಡಬೇಡ. ಅಮ್ಮನ ಕೆಲಸ ಹೋದದ್ದು ಅವಳ ತಪ್ಪಿನಿಂದಲ್ಲ, ನನ್ನ ಸುಳ್ಳಿನಿಂದ.

ಮೊದಲು ನಮ್ಮ ಕುದುರೆ ತುಂಬೆಯ ಸುದ್ದಿ. ಗಾಯ ಒಣಗಿದೆ, ಹುರುಳಿ ತಿನ್ನುತ್ತಾಳೆ. ನಿನ್ನ ಜಾಗಕ್ಕೆ ಬಂದ ಜಗದೀಶ್ ಒಳ್ಳೆಯವನೇ, ಅಂಗಡಿಯ ಬ್ರಷ್ಷಿನಲ್ಲಿ ಮೈ ಉಜ್ಜುತ್ತಾನೆ. ಆದರೆ ನೀನು ಒಣಹುಲ್ಲು ಹೊಸೆದು, ಸಿಂಬಿ ಸುತ್ತಿ, ಬೆನ್ನ ಮೇಲೆ ತಟ್ಟಿ ತಟ್ಟಿ ಎಳೆಯುತ್ತಿದ್ದೆಯಲ್ಲ, ಅದು ಅವನಿಗೂ ಬಾರದು, ನನಗೂ ಬಾರದು. ತುಂಬೆಯ ಬಿಳಿ ಮೈ ಮತ್ತೆ ಸಗಣಿ ಕಲೆ ಹಿಡಿದು ಹಳದಿಯಾಗುತ್ತಿದೆ. ನಿನ್ನನ್ನು ಹುಡುಕುತ್ತಾಳೆ ಎಂದು ಬರೆದರೆ ಪುಸಲಾಯಿಸಿದ ಹಾಗಾಗುತ್ತದೆ, ಬರೆಯುವುದಿಲ್ಲ.

ಪನಮರಂ ಮೈದಾನದ ಆ ಕುದುರೆ ಪ್ರದರ್ಶನಕ್ಕೆ ನಾಲ್ಕು ದಿನ ನೀನು ದುಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಾಸವಾಳದ ಸೊಪ್ಪು ಅರೆದು ಮೈ ತೊಳೆದವಳು ನೀನು. ಇದ್ದಿಲ ಪುಡಿಯನ್ನು ಕೊಬ್ಬರಿ ಎಣ್ಣೆಗೆ ಕಲಸಿ ಗೊರಸಿಗೆ ಹಚ್ಚಿದವಳು ನೀನು. ಚಿಕ್ಕಂದಿನಲ್ಲಿ ಶೋಭಾಳಿಗೆ ಹಾಕುತ್ತಿದ್ದಂತೆ ಕುತ್ತಿಗೆಯ ಕೂದಲಿಗೆ ಹದಿನೇಳು ಜಡೆ ಹಾಕಿ, "ಅಲ್ಲಾಡ್ಬ್ಯಾಡ ಕಣೇ, ಮದ್ವೆ ಹೆಣ್ಣು ಹಿಂಗೆ ಕುಣೀತದಾ?" ಎಂದು ಗದರಿದವಳೂ ನೀನೇ. ನಾನು ಹಗ್ಗ ಹಿಡಿದು ನಿಂತಿದ್ದೆ, ಅಷ್ಟೇ.

ಶನಿವಾರ ಬೇರೆ ಲಾಯದ ಸನೀಶ್ ಬಂದು, ಮೂತಿಯ ಮೀಸೆ ಬೋಳಿಸದ ಕುದುರೆಯನ್ನು ಯಾರೂ ಮೂಸಿಯೂ ನೋಡುವುದಿಲ್ಲ ಎಂದು ಫೋನಿನಲ್ಲಿ ಚಿತ್ರ ತೋರಿಸಿ ನಕ್ಕ. ನಾನು ನಿನ್ನನ್ನು ಕೇಳಿದೆ. ನೀನು ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟು, "ಬ್ಯಾಡ ಗೋವಿಂದಣ್ಣ, ಎಡ ಮಗ್ಗುಲಾಗೆ ಅವ್ಳಿಗೆ ಕಣ್ಣು ಮಂಕು. ಮೀಸೇಲಿ ಮುಟ್ಟಿ ಮುಟ್ಟಿ ನೋಡ್ಕಂಡು ತಿನ್ನಾದು. ತಗದ್ರೆ ಎಲ್ಲಾದ್ರೂ ಹೋಗಿ ಹೊಡಕತದೆ" ಎಂದೆ. ಆಯಿತು ಎಂದೆ ನಾನು. ಎಡಗಣ್ಣಿನ ವಿಷಯ ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ನೋಡಿದರೆ ತಿಳಿಯುವಂತೆಯೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ನೀನು ಮೈದಾನದ ನಲ್ಲಿಗೆ ನೀರಿಗೆ ಹೋದಾಗ, ನನ್ನ ಗಡ್ಡದ ಬ್ಲೇಡು ತೆಗೆದು ತುಂಬೆಯ ಮೀಸೆ ಕೆರೆದುಬಿಟ್ಟೆ. ಅವಳು ಒಂದು ಚೂರೂ ಅಲುಗಲಿಲ್ಲ, ನನ್ನನ್ನು ನಂಬಿದ್ದಳು. ನೀನು ವಾಪಸು ಬಂದು ನೋಡಿದೆ. ಬೈದಿದ್ದರೆ ಚೆನ್ನಾಗಿತ್ತು. ನೀನು ಒದ್ದೆ ಬಟ್ಟೆಯಲ್ಲಿ ಅವಳ ಮೂತಿ ಒರೆಸಿ, ಬೇಲಿಯಾಚೆ ಹೋಗಿ ನಿಂತೆ.

ಬಹುಮಾನ ಬಂತು. ಮೈಸೂರಿನಿಂದ ಬಂದಿದ್ದ ತೀರ್ಪುಗಾರರು ತುಂಬೆಯ ಬೆನ್ನ ಮೇಲೆ ಬಿಳಿ ಕರವಸ್ತ್ರ ಎಳೆದು, ಅದರಲ್ಲಿ ಧೂಳು ಕಾಣದೆ, "ಯಾರ್ರೀ ಇಷ್ಟು ಚೆನ್ನಾಗಿ ತಯಾರು ಮಾಡಿದ್ದು?" ಎಂದು ಕೇಳಿದರು. ಹತ್ತು ಮಾರು ದೂರದಲ್ಲಿ ನೀನು ನಿಂತಿದ್ದೆ, ಕೈಗೆ ಇನ್ನೂ ಇದ್ದಿಲು ಮೆತ್ತಿತ್ತು. "ನಾನೇ ಸಾರ್" ಎಂದೆ ನಾನು. ಬಾಯಿಂದ ಜಾರಿ ಬಂದ ಮಾತಲ್ಲ ಅದು. ಹಾರ ನನ್ನ ಕೊರಳಿಗೆ ಬಿತ್ತು. ಫೋಟೋದಲ್ಲಿ ನೀನಿಲ್ಲ.

ಬುಧವಾರ ಬೆಳಿಗ್ಗೆ ಅವಳು ಮೇವಿನ ಬಾನಿಗೆ ಮೂತಿ ಹಾಕಲು ಹೋಗಿ, ಅಂಚು ತಿಳಿಯದೆ, ಪಕ್ಕದ ಹಲಗೆಯಲ್ಲಿ ಎದ್ದಿದ್ದ ಮೊಳೆಗೆ ಕಣ್ಣು ಕೊಟ್ಟಳು. ಎಷ್ಟೋ ವರ್ಷದಿಂದ ಆ ಮೊಳೆ ಅಲ್ಲೇ ಇತ್ತು, ಒಮ್ಮೆಯೂ ತಾಗಿರಲಿಲ್ಲ. ಬೆಳಕು ನೆರಳಾದರೂ ತಿಳಿಯುತ್ತಿದ್ದ ಕಣ್ಣನ್ನು ಡಾಕ್ಟರು ತೆಗೆದೇಬಿಟ್ಟರು. ಕೈ ತೊಳೆಯುತ್ತಾ, "ಇದರ ಮೀಸೆ ಯಾರು ಬೋಳಿಸಿದ್ದು?" ಎಂದು ಕೇಳಿದರು. ಯಜಮಾನ ವಿಪಿನ್ ನನ್ನ ಮುಖ ನೋಡಿದ. ಆಗ ನಾನು, "ಅದೊಂದು ಕೆಂಪಿ ಮಾಡಿದ್ದು ಸಾರ್" ಎಂದೆ. ಹದಿನೇಳು ಜಡೆ ನನ್ನದಾಯಿತು, ಬ್ಲೇಡು ನಿನ್ನದಾಯಿತು. ಸಂಜೆಯೊಳಗೆ ನಿನ್ನನ್ನು ಕಳಿಸಿದರು. ನೀನು ನನ್ನ ಕಡೆ ಒಮ್ಮೆ ನೋಡಿ, ಚೀಲ ಎತ್ತಿಕೊಂಡು ಹೋದೆ. ನಾನು ಗೊರಸು ಕೆರೆಯುವವನ ಹಾಗೆ ತಲೆ ಬಗ್ಗಿಸಿಕೊಂಡಿದ್ದೆ.

ನಿನ್ನೆ ವಿಪಿನ್ ಹತ್ತಿರ ಎಲ್ಲ ಹೇಳಿದೆ. ಡಾಕ್ಟರಿಗೂ ಫೋನ್ ಮಾಡಿ ಹೇಳಿದೆ. ಬಹುಮಾನದ ಕಪ್ಪನ್ನು ಮೇಜಿನ ಮೇಲಿಟ್ಟು, ಇದು ನನ್ನದಲ್ಲ, ಕೆಂಪಕ್ಕನದು ಎಂದೆ. ವಿಪಿನ್, "ಸಾರಮಿಲ್ಲ ಗೋವಿಂದೇಟ್ಟಾ, ಪರವಾಗಿಲ್ಲ, ಬೇಜಾರು ಮಾಡ್ಕೋಬೇಡಿ. ಅವಳಿಗೆ ಬರೋಕೆ ಹೇಳಿ" ಎಂದ. ನನ್ನ ಕೆಲಸ ಹೋಗಲಿಲ್ಲ, ಅಕ್ಕ. ನಿನ್ನನ್ನು ಕಳಿಸಲು ನನ್ನ ಒಂದು ಮಾತು ಸಾಕಾಯಿತು. ನೀನು ಮಾಡದ ತಪ್ಪಿಗೆ ನಿನ್ನ ಕೆಲಸ ಹೋಯಿತು, ನಾನು ಮಾಡಿದ ತಪ್ಪಿಗೆ ನನಗೆ ಸಮಾಧಾನ ಹೇಳಿದರು. ಬಾ ಎಂದು ಹೇಳಿ ಕಳಿಸುವುದಲ್ಲ, ನೀವೇ ಹೋಗಿ ಕರೆಯಬೇಕು ಎಂದೆ. ಬರುವ ಬುಧವಾರ ಮರಕ್ಕಡವಿಗೆ ಬರುತ್ತಾನಂತೆ. ಬರುವುದೂ ಬಿಡುವುದೂ ನಿನ್ನ ಇಷ್ಟ. ನೀನು ಬಂದರೆ ಲಾಯದ ಬೀಗದ ಕೈ ನಿನ್ನ ಹತ್ತಿರ ಇರುತ್ತದೆ, ಕುದುರೆಯನ್ನು ಹೇಗೆ ನೋಡಿಕೊಳ್ಳಬೇಕೆಂದು ನೀನು ಹೇಳು, ನಾನು ಕೇಳುತ್ತೇನೆ. ಬಾರದಿದ್ದರೆ ಯಾಕೆಂದು ನಾನು ಕೇಳುವುದಿಲ್ಲ.

ಶೋಭಾಳಿಗೂ ಅವಳ ಮಕ್ಕಳಿಗೂ ಒಳ್ಳೆಯದಾಗಲಿ, ಕಣ್ಣು ಕೈಕಾಲು ಗಟ್ಟಿಯಾಗಿರಲಿ. ನಮ್ಮ ಮನೆಯಾಕೆ ಕಾರ್ತ್ಯಾಯನಿ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಅವಳಿಗೂ ಎಲ್ಲ ಹೇಳಿದೆ. ಇದೊಂದು ಬಿಟ್ಟರೆ ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ, ಅನ್ನ ಮಾತ್ರ ಬಡಿಸುತ್ತಾಳೆ.

ಇತಿ,
ನಿನ್ನ ಮುಂದೆ ತಲೆ ತಗ್ಗಿಸಿದ
ಗೋವಿಂದನ್

ಮ.ವಿ: ಇದನ್ನು ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಬಾರದೆ ಉಳಿಸಿದ್ದು. ಆ ಬುಧವಾರ ನಾನು ನಿನ್ನ ಹೆಸರು ಹೇಳಿದ ಕೂಡಲೇ ವಿಪಿನ್, "ಕಾಡಿನವರಿಗೆ ಏನು ತಿಳಿಯುತ್ತೆ ಗೋವಿಂದೇಟ್ಟಾ, ಬ್ಲೇಡು ಕೈಗೆ ಸಿಕ್ಕಿದರೆ ಕೆರೆಯೋದೇ" ಎಂದು ನಕ್ಕ. ನಿಜವೋ ಸುಳ್ಳೋ ಎಂದು ಕೇಳಲೂ ಇಲ್ಲ. ಕೇಳುವುದಿಲ್ಲ ಎಂದು ಗೊತ್ತಿದ್ದೇ ನಾನು ನಿನ್ನ ಹೆಸರು ಹೇಳಿದ್ದು. ನಾನೂ ನಕ್ಕೆ. ನೀನು ಲಾಯದ ಬಿದಿರು ತಟ್ಟಿಯ ಹಿಂದೆ ಇದ್ದದ್ದು ಗೋವಿಂದಣ್ಣನಿಗೆ ತಿಳಿದಿರಲಿಲ್ಲ, ತಿಳಿದಿದ್ದರೆ ನಗುತ್ತಿರಲಿಲ್ಲ ಎಂದು ನೀನು ಮನೆಯಲ್ಲಿ ಹೇಳಿದೆಯಂತೆ. ನಿನ್ನ ಅಳಿಯ ರಾಜನ್ ಬತ್ತೇರಿಯಲ್ಲಿ ಸಿಕ್ಕಾಗ ಹೇಳಿದ. ತಿಳಿದಿತ್ತು ಅಕ್ಕ. ತಟ್ಟಿಯ ಕೆಳಗೆ ನಿನ್ನ ಪಾದ ಕಾಣುತ್ತಿತ್ತು. ಅದನ್ನು ನೋಡುತ್ತಲೇ ನಕ್ಕೆ.