ವೈರು ಪಳಗಿದ ಮೇಲೆ

ಭಾನಣ್ಣನಿಗೆ,

ಮೊನ್ನೆ ಫೋನಿನಲ್ಲಿ "ಯಾಕೇ ಇಂಪನಾ, ಬಾಯಿ ಬಿದ್ದೋಯ್ತಾ?" ಎಂದು ಕೇಳಿದೆಯಲ್ಲ, ಅದಕ್ಕೆ ಉತ್ತರ ಬರೆಯುತ್ತಿದ್ದೇನೆ. ಎದುರಿಗೆ ಮಾತಾಡಲು ನನಗೆ ಮೊದಲಿಂದಲೂ ಆಗುವುದಿಲ್ಲ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ.

ಲಕ್ವ ಹೊಡೆದ ಮೇಲೆ ಅಮ್ಮನಿಗೆ ಉಳಿದದ್ದು ಒಂದೇ ಶಬ್ದ, ನಿನಗೆ ನೆನಪಿದೆಯೋ ಇಲ್ಲವೋ. ಊ... ನೀರಿಗೂ ಅದೇ, ಮಗ್ಗುಲು ಬದಲಿಸಲೂ ಅದೇ, ಬಟ್ಟೆ ಒದ್ದೆಯಾದರೂ ಅದೇ. ಶೆಟ್ಟಿಹಳ್ಳಿಯ ಆ ಮನೆಯಲ್ಲಿ ಅಡುಗೆ ಮಾಡುತ್ತಲೇ ನಾನು ಒಂದು ಕಿವಿಯನ್ನು ಅವಳ ಕೋಣೆಯಲ್ಲಿ ಇಟ್ಟಿರುತ್ತಿದ್ದೆ. ಒಗ್ಗರಣೆಯ ಚಟಪಟದ ನಡುವೆಯೂ ಅದು ನನಗೆ ಕೇಳುತ್ತಿತ್ತು.

ಆಗ ನೀನು ಸ್ಪೀಕರಿಗೆ ಆ ದಪ್ಪ ವೈರು ತಂದೆ. ಸಂಜೆ ಒಂದು ನಿಧಾನದ ಹಾಡು ಹಾಕಿ, ಕಣ್ಣು ಮುಚ್ಚಿ ಕೇಳಿ, ಮುಖ ಸಿಂಡರಿಸಿದೆ. "ಹಾಡಿನ ಹಿಂದೆ ಏನೋ ಊ ಅಂತ ಹಮ್ ಬರ್ತಿದೆ. ಹೊಸ ವೈರು, ಬರ್ನ್-ಇನ್ ಆಗ್ಬೇಕು" ಎಂದೆ. ಹೊಸ ವೈರಿನೊಳಗೆ ಹಗಲೂ ರಾತ್ರಿ ಸದ್ದು ಹರಿಸುತ್ತಲೇ ಇದ್ದರೆ ಅದು ಪಳಗುತ್ತದಂತೆ, ಆಮೇಲೆ ಒಳ್ಳೆಯ ದನಿ ಕೊಡುತ್ತದಂತೆ. ಹೊಸ ಕಾವಲಿಗೆ ಎಣ್ಣೆ, ಈರುಳ್ಳಿ ಉಜ್ಜಿ ಪಳಗಿಸಿದವಳು ನಾನು. ಇರಬಹುದು ಎಂದು ನಂಬಿದೆ.

ಹಾಡೂ ಅಲ್ಲ ಅದು, ಬರೀ ಸೊಯ್ಯೆನ್ನುವ ಸದ್ದು. ಅದನ್ನು ನೀನು ಜೋರಾಗಿ ಹಾಕಿ, ನಿನ್ನ ಕೋಣೆಗೆ ಬೀಗ ಹಾಕಿ, ಬೀಗದ ಕೈ ಜೇಬಿಗೆ ಹಾಕಿಕೊಂಡು ಗುಬ್ಬಿಯ ಆಫೀಸಿಗೆ ಹೋಗುತ್ತಿದ್ದೆ. ಆ ಕೋಣೆಯ ಗೋಡೆಯಾಚೆಗೆ ಒರಗಿಯೇ ಅಮ್ಮನ ಮಂಚ. "ಸ್ವಲ್ಪ ಕಮ್ಮಿ ಮಾಡಣ್ಣ, ಅಮ್ಮ ಕರೆದ್ರೆ ಕೇಳ್ಸಲ್ಲ" ಎಂದೆ. "ಮಧ್ಯ ನಿಲ್ಸಿದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕು ಕಣೇ. ನಾಕ್ನೇ ಕ್ಲಾಸಿನೋಳಿಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ, ಬುಡು" ಎಂದು ನೀನು ನಕ್ಕೆ. ಕರೆಂಟಾದರೂ ಹೋಗಲಿ ಎಂದು ನಾನು ಕಾದೆ. ನಿನ್ನ ಯುಪಿಎಸ್ ಅದಕ್ಕೂ ಬಿಡಲಿಲ್ಲ.

ಕೈಯಲ್ಲಿದ್ದ ಕೆಲಸ ಬಿಟ್ಟು ಮತ್ತೆ ಮತ್ತೆ ಓಡಿ ನೋಡುತ್ತಿದ್ದೆ. ಕೆಲವು ಸಲ ಅಮ್ಮನ ಬಾಯಿ ತೆರೆದೇ ಇರುತ್ತಿತ್ತು, ಕೊರಳಿನ ನರ ಬಿಗಿದಿರುತ್ತಿತ್ತು, ದನಿ ಮಾತ್ರ ನಿನ್ನ ಸದ್ದಿನಲ್ಲಿ ಮುಳುಗಿರುತ್ತಿತ್ತು. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಳೋ. ಬರಬರುತ್ತ ಬಾಯಿ ಮುಚ್ಚಿರುತ್ತಿತ್ತು. ಕಣ್ಣು ಮಾತ್ರ ಸೂರಿನ ಕಡೆ.

ಕೊನೆಗೆ ನೀನು ಸದ್ದು ನಿಲ್ಲಿಸಿ, ಆಫೀಸಿನ ಮೋಹನ್‌ಕುಮಾರರನ್ನು ಕರೆತಂದು ಅದೇ ಹಾಡು ಹಾಕಿದೆ. "ಮೊದಲು ಇಲ್ಲಿ ಊ ಅಂತ ಒಂದು ಹಮ್ ಇತ್ತು ಸಾರ್. ಈಗ ಕೇಳಿ. ಸತ್ತಂಗಿದೆ, ಅಷ್ಟು ಸೈಲೆಂಟು!" ಎಂದೆ. "ಬರ್ನ್-ಇನ್ ಎಲ್ಲ ಸುಳ್ಳು ಅಂದ್ಕೊಂಡಿದ್ದೆ ಕಣ್ರೀ, ನಿಜವೇ ಬುಡಿ" ಎಂದರು ಅವರು. ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು ಲೋಟಗಳನ್ನು ಅಲ್ಲೇ ಇಟ್ಟೆ. ಪಕ್ಕದ ಕೋಣೆಗೆ ಓಡಿದೆ. ಅಮ್ಮ ಒದ್ದೆಯಲ್ಲಿ ಮಲಗಿದ್ದಳು. ಎಚ್ಚರವಾಗಿಯೇ ಇದ್ದಳು. "ಯಾಕಮ್ಮ ಕರೀಲಿಲ್ಲ?" ಎಂದರೆ ಮುಖವನ್ನು ಗೋಡೆಗೆ ತಿರುಗಿಸಿದಳು.

ನಿನ್ನ ವೈರಿಗೆ ಏನೂ ಆಗಿರಲಿಲ್ಲ ಅಣ್ಣ. ಪಳಗಿದ್ದು ಅಮ್ಮ. ಕರೆದರೂ ಯಾರೂ ಬರುವುದಿಲ್ಲ ಎಂದು ಕಲಿತುಬಿಟ್ಟಿದ್ದಳು.

ಅದಕ್ಕೇ ಅವಳನ್ನು ಹುಲಿಯೂರುದುರ್ಗಕ್ಕೆ, ಚಿಕ್ಕಮ್ಮನ ಮನೆಗೆ ಕರೆತಂದೆ. ಕುಣಿಗಲ್ ದಾಟುವವರೆಗೂ ಕಾರಿನಲ್ಲಿ ಅವಳ ಬಾಯಿಯನ್ನೇ ನೋಡುತ್ತಿದ್ದೆ. "ಹೊಲದ ಆ ತುದಿಗೆ ಕೇಳೋ ಹಂಗೆ ಕೂಗೋಳು ನಮ್ಮಕ್ಕ. ಇವಳಿಗೇನಾಯ್ತೇ?" ಎಂದು ಚಿಕ್ಕಮ್ಮ ಕೇಳುತ್ತಲೇ ಇರುತ್ತಾಳೆ. ಇಲ್ಲಿ ಹಕ್ಕಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆದರೂ ಅಮ್ಮ ಕರೆಯುವುದಿಲ್ಲ. ಬಾಯಾರಿ ತುಟಿ ಬಿರಿದರೂ ಕರೆಯುವುದಿಲ್ಲ.

ಇದನ್ನೆಲ್ಲ ನುಂಗಿಕೊಂಡೇ ಇದ್ದೆ. ಮೊನ್ನೆ ನೀನು ಅಮ್ಮ ಹೇಗಿದ್ದಾಳೆ ಎಂದೂ ಕೇಳದೆ ಹೇಳಿದೆ: "ಇನ್ನೂ ಒಳ್ಳೆ ವೈರ್ ತಂದೆ ಕಣೇ. ಮೊದಲ್ನೇ ದಿನಾನೇ ಹಮ್ ಇಲ್ಲ. ಬರ್ನ್-ಇನ್ ಆದ್ಮೇಲೆ ಹೆಂಗಿರ್ಬೋದು!"

ಹಮ್ ಎಲ್ಲಿಂದ ಬರಬೇಕು ಅಣ್ಣ? ಗೋಡೆಯಾಚೆಯ ಮಂಚ ಖಾಲಿಯಿದೆ.

ಅಮ್ಮ ಹರಸಲಾರಳು, ಅವಳ ಬದಲು ನಾನೇ ಹರಸುತ್ತೇನೆ. ನಿನ್ನ ಹಾಡಿನ ಹಿಂದೆ ಸದಾ ಇಷ್ಟೇ ನಿಶ್ಶಬ್ದವಿರಲಿ. ಆ ಮನೆಯಲ್ಲಿ ಇನ್ನು ಯಾರೂ ನಿನ್ನನ್ನು ಕರೆಯದಿರಲಿ.

ನಿನ್ನ ತಂಗಿ,
ಇಂಪನಾ