ಇದ್ದದ್ದೇ ಗೊತ್ತಾಗಲಿಲ್ಲ

ಏಪ್ರಿಲ್ 19, ಬೆಳಿಗ್ಗೆ

ಎದ್ದ ಕೂಡಲೇ ಬೆಡ್‌ಶೀಟ್ ಮಡಚಿದೆ. ಮೂಲೆಗೆ ಮೂಲೆ ಸೇರಿಸಿ, ಮೇಲೆ ದಿಂಬು. ಬಾತ್‌ರೂಮಿನಿಂದ ಬ್ರಷ್, ಸೋಪು, ಟವೆಲ್ ಮೂರೂ ವಾಪಸ್ ಬ್ಯಾಗಿಗೆ. ನೆಲದಲ್ಲಿ ಕೂದಲು ಬಿದ್ದಿದೆಯಾ ಅಂತ ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಬಿದ್ದಿತ್ತು. ಬಿಳಿ ಕೂದಲು, ನನ್ನದಲ್ಲ. ಅದನ್ನೂ ಎತ್ತಿದೆ.

ಈ ಮನೆಯವರು ಹಲ್ಲಿನ ಡಾಕ್ಟರು. ಗಂಡ, ಹೆಂಡತಿ ಇಬ್ಬರೂ. ನಾನು ನಕ್ಕಾಗಲೆಲ್ಲ ಇಬ್ಬರೂ ಬಾಯಿಯನ್ನೇ ನೋಡುತ್ತಾರೆ. ಹಾಗಾಗಿ ಕಡಿಮೆ ನಗುತ್ತಿದ್ದೇನೆ.

ಈ ಮನೆಗಳು ಸಿಗುವ ವೆಬ್‌ಸೈಟಿನ ರೂಲ್ಸ್ ಸಿಂಪಲ್. ಊರೂರಿನ ಜನ ತಮ್ಮ ಸೋಫಾನೋ ಖಾಲಿ ರೂಮೋ ಕೊಡುತ್ತಾರೆ. ಬಾಡಿಗೆ ಇಲ್ಲ. ನಾವು ಅಡುಗೆಯೋ ಪಾತ್ರೆಯೋ, ಮನೆಯ ಏನಾದರೊಂದು ಕೆಲಸಕ್ಕೆ ಕೈ ಹಾಕಬೇಕು. ಹೊರಟ ಮೇಲೆ ಅವರು ನಮ್ಮ ಪ್ರೊಫೈಲಿನಲ್ಲಿ ರೆಫರೆನ್ಸ್ ಬರೆಯುತ್ತಾರೆ. ಅದು ಚೆನ್ನಾಗಿದ್ದರೆ ಮುಂದಿನ ಊರಿನಲ್ಲಿ ಬಾಗಿಲು ತೆರೆಯುತ್ತದೆ. ಇಲ್ಲದಿದ್ದರೆ ಬಸ್ ಸ್ಟ್ಯಾಂಡ್ ಬೆಂಚು. ಫಸ್ಟ್ ಇಯರ್ ಮುಗಿದು ಕಾಲೇಜು ಹಾಸ್ಟೆಲಿಗೆ ಬೀಗ ಬಿದ್ದ ದಿನದಿಂದ ನನ್ನ ಜೀವನ ಇದರ ಮೇಲೇ ನಡೆದಿದೆ.

ಅದೇ ದಿನ, ಮಧ್ಯಾಹ್ನ

ಅಮ್ಮನ ಫೋನ್. ಮಾಮೂಲಿ. ಊಟ ಆಯ್ತಾ, ಎಲ್ಲಿದ್ದೀಯ, ಆ ಮನೆಯವರು ಹೇಗೆ. ಆಮೇಲೆ, ಯಾವತ್ತು ಬರ್ತೀಯ ಅಂದಳು. ಇನ್ನೊಂದು ಊರು ನೋಡ್ಕೊಂಡು ಬರ್ತೀನಿ ಅಂದೆ. ಹೋದ ಸಲವೂ ಇದನ್ನೇ ಅಂದಿದ್ದೆ.

ಅಮ್ಮನದು ರೈಲಿನಲ್ಲಿ ಟಿಕೆಟ್ ಚೆಕ್ ಮಾಡುವ ಕೆಲಸವಾಗಿತ್ತು. ರಾತ್ರಿ ಒಂದೂರು, ಬೆಳಿಗ್ಗೆ ಇನ್ನೊಂದೂರು. ಅಪ್ಪ ಇಲ್ಲ. ಮೂರನೇ ಕ್ಲಾಸಿನಿಂದ ನಾನು ಹಾಸ್ಟೆಲ್. ರಜೆ ಬಂದರೆ ಚಿಕ್ಕಮ್ಮನ ಮನೆಯ ಹಾಲ್. ನಮ್ಮಿಬ್ಬರಿಗೆ ಸೇರಿ ಒಂದು ಮನೆ ಅಂತ ಇದ್ದದ್ದೇ ಇಲ್ಲ. ಈಗ ಅವಳಿಗೆ ಆಫೀಸಿನೊಳಗೆ ಡ್ಯೂಟಿ ಸಿಕ್ಕಿದೆ. ಹೋದ ವರ್ಷ ಮದುವೆಯಾದಳು. ಅವರು ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಅಂಕಲ್ ಅನ್ನುತ್ತೇನೆ. ಮನೆ ತಗೊಂಡಿದ್ದಾರೆ. ಅದರಲ್ಲಿ ನನ್ನ ರೂಮ್ ಅಂತ ಒಂದಿದೆಯಂತೆ. ನಾನು ನೋಡಿಲ್ಲ.

ಫೋನ್ ಇಡುವ ಮುಂಚೆ ಅಮ್ಮ ಅಂದಳು — “ಆ ರೂಮನ್ನ ಆಫೀಸ್ ಮಾಡ್ಕೊಳ್ಳಲಾ ಅಂತ ಅವರು ಕೇಳ್ತಿದ್ದಾರೆ ಪುಟ್ಟಿ. ಮುಂದಿನ ತಿಂಗಳ ಕೊನೆಗೆ, ಅಂದ್ರೆ ಮೇ ಕೊನೆಗೆ ಕಾರ್ಪೆಂಟರ್ ಬರ್ತಾನೆ. ನೀನು ಬರೋದಾದ್ರೆ ಬೇಡ ಅಂತೀನಿ. ಬಲವಂತ ಇಲ್ಲ.”

ನೋಡ್ತೀನಿ ಅಂದೆ.

ಏಪ್ರಿಲ್ 22

ಡಾಕ್ಟರ್ ದಂಪತಿಯ ರೆಫರೆನ್ಸ್ ಬಂತು. “ಬಹಳ ಶಿಸ್ತಿನ ಹುಡುಗಿ. ಮನೆಯಲ್ಲಿ ಇದ್ದದ್ದೇ ಗೊತ್ತಾಗಲಿಲ್ಲ.” ಐದು ಸ್ಟಾರ್.

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಮೇ 3

ಈಗಿರುವುದು ರಿಟೈರಾದ ರೈಲು ಎಂಜಿನ್ ಡ್ರೈವರ್ ತಾತನ ಮನೆಯಲ್ಲಿ. ಒಬ್ಬರೇ ಇದ್ದಾರೆ. ಟೀವಿ ಜೋರಾಗಿ ಹಾಕುತ್ತಾರೆ, ನಾನು ಹಾಲ್‌ಗೆ ಬಂದರೆ ಸೌಂಡ್ ಕಮ್ಮಿ ಮಾಡುತ್ತಾರೆ. ಅದಕ್ಕೇ ಬರುವುದು ಕಮ್ಮಿ ಮಾಡಿದೆ.

ಬೆಳಿಗ್ಗೆ ಹೊರಗೆ ಹೋಗುವಾಗ ಬಾಗಿಲ ಹತ್ತಿರ ನಿಂತು, ಹೋಗಿ ಬರಲಾ, ಆರು ಗಂಟೆಯೊಳಗೆ ಬರ್ತೀನಿ ಅಂದೆ. ಬಾಯಿಗೆ ಬಂದುಬಿಟ್ಟಿತು, ವಾರ್ಡನ್‌ಗೆ ಹೇಳುವ ಹಾಗೆ. ತಾತ ಪೇಪರಿನಿಂದ ತಲೆ ಎತ್ತಿ, ನಾನೇನು ಸಿಗ್ನಲ್ ಕೊಡಬೇಕಾ ಅಂದರು.

ಸಂಜೆ ಸ್ನಾನ ಮುಗಿಸಿ ಬರುವಾಗ ಸೋಪಿನ ಡಬ್ಬಿ ಕೈಯಲ್ಲಿತ್ತು. “ಅಲ್ಲೇ ಇಡಮ್ಮ. ನಿನ್ನ ಸೋಪು ಕದ್ದು ನಾನು ಬೆಳ್ಳಗಾಗೋ ಕಾಲ ಮುಗೀತು.”

ನಕ್ಕೆ. ಡಬ್ಬಿ ಬ್ಯಾಗಿಗೆ ಹಾಕಿದೆ. ಹಾಸ್ಟೆಲಿನಲ್ಲಿ ಬಾತ್‌ರೂಮಿನಲ್ಲಿ ಬಿಟ್ಟ ಸೋಪು ಅರ್ಧ ಗಂಟೆ ಉಳಿಯುವುದಿಲ್ಲ. ನೆಲದ ಮೇಲೆ ಬಿಟ್ಟ ಸಾಮಾನು ಇನ್‌ಸ್ಪೆಕ್ಷನ್‌ನಲ್ಲಿ ಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಇದನ್ನು ತಾತನಿಗೆ ಹೇಗೆ ಹೇಳುವುದು.

ಮೇ 8

ತಾತನ ರೆಫರೆನ್ಸ್ — “ಒಳ್ಳೆ ಮಗು. ಬಂದಳು, ಹೋದಳು, ಸದ್ದಿಲ್ಲ.”

ಇದೂ ಐದು ಸ್ಟಾರೇ.

ಮೇ 12

ಹೊಸ ಮನೆ. ಟೈಲರ್ ಆಂಟಿ ಮತ್ತು ಅವರ ಅತ್ತೆ. ಕೆಳಗೆ ಚಪ್ಪಲಿ ಅಂಗಡಿ, ಮೇಲೆ ಇವರು. ಮುಂದಿನ ರೂಮಿನಲ್ಲಿ ಹೊಲಿಗೆ ಮೆಷಿನ್, ಇಸ್ತ್ರಿ ಟೇಬಲ್. ಮೂಲೆಯಲ್ಲಿ ನನ್ನ ಸೋಫಾ. ಎಲ್ಲೆಡೆ ದಾರದ ಚೂರು. ಊಟದ ತಟ್ಟೆಯಲ್ಲೂ.

ಅಜ್ಜಿಗೆ ಕಣ್ಣು ಮಂದ, ಬಾಯಿ ಚುರುಕು. ನಾನು ಬಂದ ಅರ್ಧ ಗಂಟೆಯಲ್ಲಿ ಪಾತ್ರೆ ತೊಳೆದು, ಮೆಟ್ಟಿಲು ಗುಡಿಸಿ, ಕಿಟಕಿ ಒರೆಸಲು ಹತ್ತಿದೆ. ಅಜ್ಜಿ ಸೊಸೆಗೆ ಹೇಳಿದ್ದು ನನಗೂ ಕೇಳಿಸಿತು — “ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಇರು, ನೋಡೋಣ.”

ಅಮ್ಮನ ಮಿಸ್ಡ್ ಕಾಲ್. ಸಂಜೆ ಮಾಡೋಣ ಅಂದುಕೊಂಡೆ. ಮಾಡಲಿಲ್ಲ.

ಮೇ 15

ಇಲ್ಲಿಂದ ಮುಂದಿನ ಊರಿನಲ್ಲಿ ಜಾಗ ಕೊಡುವ ಮೂರು ಹೋಸ್ಟ್‌ಗಳಿಗೆ ರಿಕ್ವೆಸ್ಟ್ ಕಳಿಸಿದ್ದೆ. ಒಬ್ಬರು ಓಕೆ ಅಂದಿದ್ದಾರೆ. ಅಲ್ಲಿ ಹತ್ತು ದಿನ ಇದ್ದರೆ ಮೇ ಮುಗಿಯುತ್ತದೆ. ಕಾರ್ಪೆಂಟರ್ ಬಂದು ಹೋಗಿರುತ್ತಾನೆ. ಆಮೇಲೆ ಯಾರೂ ಏನೂ ಕೇಳುವ ಹಾಗಿಲ್ಲ.

ಅಜ್ಜಿ ಇವತ್ತು ನಾನು ರೂಮಿನಲ್ಲಿರುವಾಗಲೇ, ಆ ಹುಡುಗಿ ಹೊರಗೆ ಹೋದ್ಲಾ ಅಂತ ಕೇಳಿದರು. ಇಲ್ಲೇ ಇದ್ದೀನಜ್ಜಿ ಅಂದೆ. “ಇದ್ದೀಯಾ? ಬೆಕ್ಕಾದ್ರೂ ಆಗಾಗ ಮ್ಯಾವ್ ಅನ್ನುತ್ತಲ್ಲೇ.”

ಮೇ 17, ಮಧ್ಯಾಹ್ನ

ಆದದ್ದು ಆದ ಹಾಗೆ ಬರೆಯುತ್ತೇನೆ.

ನಿನ್ನೆ ಆಂಟಿ ಒಂದು ಆಸ್ಪತ್ರೆಯ ಸ್ಟಾಫ್ ಕೋಟುಗಳಿಗೆ ಬಟ್ಟೆ ಕತ್ತರಿಸಿದ್ದರು. ಎಲ್ಲಾ ಒಂದೇ ಬಿಳಿ ಬಟ್ಟೆ, ಒಬ್ಬೊಬ್ಬರದು ಒಂದೊಂದು ಅಳತೆ. ನೆಲದ ತುಂಬ ಹರಡಿದ್ದರು. ಒಬ್ಬರ ಬೆನ್ನು, ಎದೆಭಾಗ, ತೋಳು, ಕಾಲರ್ ಒಂದು ಗುಂಪು. ಅದರಡಿ ಅವರ ಅಳತೆ ಚೀಟಿ.

ನನಗೆ ಬೆಳಿಗ್ಗೆ ಬೇಗ ಎಚ್ಚರವಾಯಿತು. ಅವರಿಬ್ಬರೂ ಇನ್ನೂ ಮಲಗಿದ್ದರು. ನೆಲ ನೋಡಿದ ಕೂಡಲೇ ಬಗ್ಗಿದೆ — ಅಭ್ಯಾಸ. ನೆಲದ ಮೇಲೆ ಸಾಮಾನು ಇರಬಾರದು. ಎಲ್ಲಾ ಎತ್ತಿದೆ. ತೋಳುಗಳೆಲ್ಲ ಒಂದು ಕಟ್ಟು, ಕಾಲರ್‌ಗಳೆಲ್ಲ ಒಂದು ಕಟ್ಟು, ಬೆನ್ನುಗಳು ಒಂದು ಕಟ್ಟು. ಅಂಚಿಗೆ ಅಂಚು ಸೇರಿಸಿ ಟೇಬಲ್ ಮೇಲೆ ಜೋಡಿಸಿದೆ. ಚೀಟಿಗಳನ್ನು ಬೇಡದ್ದು ಅಂದುಕೊಂಡು ಕಸದ ಬುಟ್ಟಿಗೆ ಹಾಕಿದೆ. ನೆಲ ಒರೆಸಿದೆ. ತುಂಬಾ ನೀಟಾಗಿ ಕಾಣಿಸಿತು. ರೆಫರೆನ್ಸಿನಲ್ಲಿ ಇದನ್ನು ಬರೆಯಬಹುದು ಅಂತಲೂ ಅನ್ನಿಸಿತು.

ಆಂಟಿ ಎದ್ದು ಬಂದರು. ಟೇಬಲ್ ನೋಡಿದರು. ನೆಲ ನೋಡಿದರು. ಕುರ್ಚಿ ಎಳೆದುಕೊಂಡು ಕೂತರು.

ಆಮೇಲೆ ಬೈದರು. ನನಗೆ ಬೈಗುಳ ಗೊತ್ತು — ವಾರ್ಡನ್ ಬೈದರೆ ಫೈನ್ ಹಾಕಿ ಮುಗಿಸುತ್ತಾರೆ. ಇದು ಮುಗಿಯಲಿಲ್ಲ. ಹಲ್ಲುಜ್ಜುತ್ತಾ ಬೈದರು, ಚಹಾ ಸೋಸುತ್ತಾ ಬೈದರು. ನನ್ನ ಕಪ್ ನನ್ನ ಮುಂದೆ ಇಡುತ್ತಾ ಬೈದರು. “ಕತ್ತೆ, ಕಣ್ಣಿಗೆ ಕಂಡದ್ದೆಲ್ಲ ಮಡಚಿಡ್ತೀಯಲ್ಲ, ಸಿಕ್ಕಿದ್ರೆ ನಮ್ಮತ್ತೇನೂ ಮಡಚಿ ಇಡ್ತಿದ್ದೆ!”

“ನನ್ನ ಎಂದೋ ಮಡಚಿ ಆಯ್ತು,” ಅಂದರು ಅಜ್ಜಿ ಒಳಗಿಂದ.

ನಾನು ಬ್ಯಾಗ್ ಕಟ್ಟಿದೆ. ಸಾರಿ ಹೇಳಿ, ಹೊರಡ್ತೀನಿ ಆಂಟಿ ಅಂದೆ. ಈ ಪ್ರೊಫೈಲ್ ಕಥೆ ಮುಗಿಯಿತು, ಇನ್ನು ಯಾವ ಊರಿನಲ್ಲೂ ಯಾರೂ ಬಾಗಿಲು ತೆಗೆಯುವುದಿಲ್ಲ ಅಂತ ತಲೆಯೊಳಗೆ ಓಡುತ್ತಿತ್ತು.

“ಎಲ್ಲಿಗೆ? ಕೆಡಿಸಿಟ್ಟು ಹೋಗೋಕೆ ನೀನೇನು ನೆಂಟಳಾ? ಬುಟ್ಟಿ ಸುರಿ. ಚೀಟಿ ಎತ್ತು.”

ಮೇ 19

ಎರಡು ದಿನ ಟೇಪ್ ಹಿಡಿದೆವು. ಚಹಾಪುಡಿ ಮೆತ್ತಿದ್ದ ಚೀಟಿಗಳನ್ನು ಇಸ್ತ್ರಿ ಮಾಡಿ ಒಣಗಿಸಿದೆ. ತೋಳಿನ ಉದ್ದ ಅಳೆದು ಚೀಟಿಯ ಜೊತೆ ಹೋಲಿಸುವುದು, ಬೆನ್ನಿನ ಅಗಲ ಅಳೆದು ಅದಕ್ಕೆ ಸೇರಿಸುವುದು. ಕೆಲವು ತೋಳು ಯಾರದೆಂದು ಆಂಟಿಗೂ ಗೊತ್ತಾಗಲಿಲ್ಲ. ಒಂದು ಜೊತೆಯನ್ನು ಸುಮ್ಮನೆ ಅಂದಾಜಿನಲ್ಲಿ ಇಟ್ಟರು — ಯಾರೋ ಈ ಸಲ ಕೈ ಸ್ವಲ್ಪ ಗಿಡ್ಡ ಅಂದುಕೊಳ್ತಾರೆ, ಬಿಡು ಅಂದರು.

ನೆಲದ ತುಂಬ ಬಿಳಿ. ನಡುವೆ ಕಾಲಿಡಲು ಒಂದು ಸಣ್ಣ ದಾರಿ. ನಾನು ಅದರ ಮೇಲೆ ಬಾತ್‌ರೂಮಿಗೆ ಹೋಗಿ ಬಂದೆ. ಬ್ರಷ್ ಎಲ್ಲೋ ಇಟ್ಟು ಮರೆತೆ. ಮಧ್ಯಾಹ್ನ ನೋಡಿದರೆ ಅವರ ಬ್ರಷ್‌ಗಳ ಲೋಟದಲ್ಲಿತ್ತು. ತೆಗೆಯೋಣ ಅಂದುಕೊಂಡೆ. ಆಂಟಿ ಟೇಪ್ ಹಿಡಿ ಅಂತ ಕೂಗಿದರು.

ಸಂಜೆಯ ಹೊತ್ತಿಗೆ ಬೈಗುಳ ಕತೆಯಾಗಿತ್ತು. ಬಟನ್ ಕೊಡಲು ಬಂದವನಿಗೆ ಅಜ್ಜಿ ಅದನ್ನು ಮೊದಲಿನಿಂದ ಹೇಳಿದರು. ಕೆಳಗಿನ ಚಪ್ಪಲಿ ಅಂಗಡಿಯವರಿಗೆ ಇನ್ನೊಮ್ಮೆ. ಪ್ರತಿ ಸಲವೂ ನಾನು ಇನ್ನಷ್ಟು ಪೆದ್ದಿಯಾಗುತ್ತಾ ಹೋದೆ.

ಮೇ 23

ಹೊರಟೆ. ಆಂಟಿಯ ರೆಫರೆನ್ಸ್ ಬಸ್ಸಿನಲ್ಲಿ ಓದಿದೆ. “ಕೆಲಸ ಕೆಡಿಸಿದಳು. ಕೂತು ಸರಿ ಮಾಡಿದಳು. ನಮ್ಮತ್ತೆ ಆಗಲೇ ಅವಳ ಸುದ್ದಿ ತೆಗೆಯುತ್ತಿದ್ದಾರೆ. ಮತ್ತೆ ಬರಲಿ.” ಮೂರು ಸ್ಟಾರ್.

ಮುಂದಿನ ಹೋಸ್ಟ್‌ಗೆ ಅದನ್ನು ನೋಡಿದ ಮೇಲೂ ಅಡ್ಡಿ ಇಲ್ಲವಂತೆ. ಬನ್ನಿ ಅಂದಿದ್ದಾರೆ.

ಬಸ್ ಆ ಊರಿನ ಕ್ರಾಸಿನಲ್ಲಿ ನಿಂತಿತು. ಇಳಿಯಲಿಲ್ಲ. ಕಂಡಕ್ಟರ್ ಬಂದು, ನಿಮ್ಮದು ಇದೇ ಸ್ಟಾಪ್ ಅಲ್ವಾ ಅಂದರು. ಮುಂದಕ್ಕೆ ಟಿಕೆಟ್ ಕೊಡಿ ಅಂದೆ. ಎಲ್ಲಿಗೆ ಅಂದರು. ಅಮ್ಮನ ಊರಿನ ಹೆಸರು ಹೇಳಿದೆ. ಹೇಳುವಾಗ ಧ್ವನಿ ಸಣ್ಣದಾಯಿತು, ಅವರು ಎರಡು ಸಲ ಕೇಳಿದರು.

ಮೇ 24

ಅಮ್ಮನ ಮನೆ. ಬರ್ತಿದ್ದೀನಿ ಅಂತ ಬಸ್ಸಿನಿಂದಲೇ ಮೆಸೇಜ್ ಹಾಕಿದ್ದೆ.

ರೂಮಿನಲ್ಲಿ ಹಾಸಿಗೆಯ ಮೇಲೆ ಹೊಸ ಟವೆಲ್, ಮಡಚಿದ್ದು. ಅದರ ಮೇಲೆ ರ್‍ಯಾಪರ್ ತೆಗೆಯದ ಸೋಪು. ನೀರಿನ ಬಾಟಲ್. ವೈಫೈ ಪಾಸ್‌ವರ್ಡ್ ಬರೆದ ಚೀಟಿ. ಎಲ್ಲಾ ಹೋಸ್ಟ್‌ಗಳೂ ಹೀಗೇ ಇಡುತ್ತಾರೆ. ಹಲ್ಲಿನ ಡಾಕ್ಟರೂ ಹೀಗೇ ಇಟ್ಟಿದ್ದರು.

ಗೋಡೆಗೆ ಒರಗಿಸಿದ್ದ ಟ್ರಾಫಿಕ್ ಬೋರ್ಡುಗಳನ್ನು ಅಂಕಲ್ ಹೊರಗೆ ಸಾಗಿಸುತ್ತಿದ್ದರು. ಪಾಠಕ್ಕೆ ಬೇಕಾದವು. ನೋ ಎಂಟ್ರಿ ಬೋರ್ಡು ಕೊನೆಗೆ ಹೋಯಿತು. ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು ಹೋದರು, ನನಗೆ ಕಾಣಬಾರದು ಅಂತ.

ಅಮ್ಮ ಬಾಗಿಲು ತಟ್ಟಿ ಒಳಗೆ ಬಂದಳು. ಏನಾದ್ರೂ ಬೇಕಾ ಅಂದಳು. ಏನೂ ಬೇಡ, ಥ್ಯಾಂಕ್ಸ್ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಟವೆಲ್ ನೋಡಿದೆವು.

ಮೇ 26

ತಟ್ಟೆ ತೊಳೆದಿಟ್ಟೆ. ಬೆಡ್‌ಶೀಟ್ ಮಡಚಿದೆ. ಸೋಪು ಬ್ಯಾಗಿನಲ್ಲಿ. ಅಮ್ಮ ಆಫೀಸಿಗೆ ಹೋಗುವ ಮುಂಚೆ ರೂಮಿಗೆ ಇಣುಕಿ ನೋಡಿ, ನೀನು ಮಲಗೇ ಇಲ್ವಾ ಅಂದಳು. ಮಲಗಿದ್ದೆ ಅಂದೆ. ಹಾಸಿಗೆಯ ಅಂಚನ್ನು ಕೈಯಿಂದ ಸವರಿ ಹೋದಳು.

ಅಂಕಲ್ ರಾತ್ರಿ ಊಟದಲ್ಲಿ — “ಸೀಟ್ ಬೆಲ್ಟ್ ಹಾಕ್ಕೊಂಡು ಊಟಕ್ಕೆ ಕೂತ ಹಾಗಿದೆಯಲ್ಲಮ್ಮ. ಆರಾಮಾಗಿ ಕೂತ್ಕೋ, ಗಾಡಿ ನಿಂತೇ ಇದೆ.” ಅಮ್ಮ ಅವರನ್ನು ದುರುಗುಟ್ಟಿ ನೋಡಿದಳು. ನನ್ನನ್ನು ಯಾರೂ ಹಾಗೆ ನೋಡುವುದಿಲ್ಲ ಇಲ್ಲಿ.

ಯಾವತ್ತು ಹೊರಡಬೇಕು ನೀನು ಅಂತ ಅಮ್ಮ ಕೇಳಿದಳು. ಕಾಲೇಜು ಶುರುವಾಗುವುದು ಜೂನ್ ಮಧ್ಯಕ್ಕೆ. ನಾನು ಅದನ್ನು ಹೇಳಲಿಲ್ಲ. ನಿಮಗೆ ತೊಂದರೆಯಾದರೆ ನಾಳೆಯೇ ಅಂದೆ. ನಿಂಗೆ ಅನ್ನದೆ ನಿಮಗೆ ಅಂದದ್ದು ಅಮ್ಮನಿಗೆ ಕೇಳಿಸಿತು.

ಮೇ 28

ಏನೂ ನಡೆಯಲಿಲ್ಲ. ಎಲ್ಲರೂ ಬಹಳ ಒಳ್ಳೆಯವರಾಗಿದ್ದೇವೆ.

ಕಾರ್ಪೆಂಟರ್ ಮೂವತ್ತೊಂದಕ್ಕೆ ಬರ್ತಾನಂತೆ. ಅಂಕಲ್ ಫೋನಿನಲ್ಲಿ ಹೇಳುತ್ತಿದ್ದರು. ಟೇಬಲ್ಲಿನ ಅಳತೆಯನ್ನೂ ಹೇಳಿದರು. ಅಮ್ಮ ಅಡುಗೆಮನೆಯಲ್ಲೇ ಇದ್ದಳು. ಬೇಡ ಅನ್ನಲಿಲ್ಲ.

ಮೇ 30, ಬೆಳಿಗ್ಗೆ

ಅಂಕಲ್ ಬೆಳಿಗ್ಗೆ ಹೊರಗಿನಿಂದ ಹಾರ್ನ್ ಹೊಡೆದರು. ಆರೂವರೆಯ ಸ್ಟೂಡೆಂಟ್ ಬಂದಿಲ್ಲವಂತೆ, ಗಾಡಿ ಸುಮ್ಮನೆ ನಿಂತಿದೆ, ಬಾ ಕ್ಲಚ್ ತೋರಿಸ್ತೀನಿ ಅಂದರು. ಸ್ನಾನ ಆಗಷ್ಟೇ ಮುಗಿದಿತ್ತು. ಮತ್ತೆ ಹಾರ್ನ್. ಓಡಿದೆ. ಗಾಡಿಯನ್ನು ಎಂಟು ಸಲ ಆಫ್ ಮಾಡಿದೆ. ಅಂಕಲ್ ಬೈಯಲಿಲ್ಲ, ಡ್ಯಾಶ್‌ಬೋರ್ಡಿಗೆ ಸಾರಿ ಕೇಳಿದರು.

ವಾಪಸ್ ಬಂದರೆ ಅಮ್ಮ ನನ್ನ ರೂಮಿನ ಬಾಗಿಲಲ್ಲಿ ನಿಂತಿದ್ದಾಳೆ. ತಟ್ಟಿರಲಿಲ್ಲ. ಕೈಯಲ್ಲಿ ನನ್ನ ಒದ್ದೆ ಟವೆಲ್. ಹಾಸಿಗೆಯ ಮೇಲೆ ಬಿಟ್ಟಿದ್ದೆ. ಬೆಡ್‌ಶೀಟ್ ಮೇಲೆ ದೊಡ್ಡ ಒದ್ದೆ ಕಲೆ. ಬೆಡ್‌ಶೀಟ್ ಮಡಚಿಯೂ ಇರಲಿಲ್ಲ.

“ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೆದು ಹೋಗ್ತಾರಾ ಯಾರಾದ್ರೂ? ಇದೇನು ಹಾಸ್ಟೆಲ್ ಅಂದ್ಕೊಂಡ್ಯಾ?”

“ಹಾಸ್ಟೆಲ್‌ನಲ್ಲಾದ್ರೆ ಫೈನ್ ಹಾಕ್ತಾರಮ್ಮ.”

ಅಮ್ಮ ಟವೆಲ್ ಕೊಡವಿದಳು. ಆಮೇಲೆ ಶುರು ಮಾಡಿದಳು. ಹೊಸ ಹಾಸಿಗೆ ಅದು, ಹತ್ತಿ ಒಳಗಿಂದ ಕೊಳೆಯುತ್ತೆ, ಹೇಳೋರು ಕೇಳೋರು ಇಲ್ಲ ಅಂತ ಹೀಗಾ. ಟವೆಲ್ ಹಿಂಡುತ್ತಾ ಬೈದಳು. ಹಗ್ಗದ ಮೇಲೆ ಹಾಕುತ್ತಾ ಬೈದಳು. ಆಫೀಸಿಗೆ ಲೇಟಾಯಿತು ಅಂತ ಬೈದಳು. ಬಾಗಿಲಿಗೆ ಹೋದವಳು ವಾಪಸ್ ಬಂದು, ಫೋನ್ ಮಾಡಿದರೆ ಎತ್ತುವುದಿಲ್ಲ ಅಂತ ಮೇ ತಿಂಗಳ ಬಾಕಿಯನ್ನೂ ಸೇರಿಸಿದಳು.

ಅಂಕಲ್ ಕೀ ಚೈನ್ ತಿರುಗಿಸುತ್ತಾ ನನ್ನ ಪಕ್ಕ ನಿಂತರು. ಮೆಲ್ಲಗೆ ಹೇಳಿದರು — “ಸೈಡ್ ಕೊಡು. ಓವರ್‌ಟೇಕ್ ಮಾಡೋಕೆ ಹೋಗ್ಬೇಡ.”

ಮೇ 31

ಕಾರ್ಪೆಂಟರ್ ಬಂದಿದ್ದಾನೆ. ಹಾಲ್‌ನಲ್ಲಿ ಗರಗಸ, ಮರದ ಪುಡಿ. ನಾನು ಇಲ್ಲಿ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಅಂಕಲ್ ಟೇಬಲ್ ಹೊರಗಿನ ವರಾಂಡದಲ್ಲಿ ಸಾಕು ಅನ್ನುತ್ತಿದ್ದಾರೆ. ಮೊದಲಿನಿಂದಲೂ ಅಲ್ಲೇ ಅಂದುಕೊಂಡಿದ್ದ ಹಾಗೆ. ಅಮ್ಮನ ಧ್ವನಿ — “ಟೇಬಲ್ ಆಮೇಲೆ. ಮೊದಲು ಆ ರೂಮಿನ ಬಾಗಿಲ ಹಿಂದೆ ಒಂದು ಗೂಟ ಹೊಡೀರಿ. ಗಟ್ಟಿದು. ಒದ್ದೆ ಟವೆಲ್ ಹಾಕೋಕೆ.”

ಎಷ್ಟು ಎತ್ತರಕ್ಕೆ ಅಂತ ಕಾರ್ಪೆಂಟರ್ ಕೇಳುತ್ತಿದ್ದಾನೆ. ಅಮ್ಮನಿಗೆ ಗೊತ್ತಿಲ್ಲ. ಬಾಗಿಲು ದಡಬಡ ಬಡಿಯುತ್ತಿದ್ದಾಳೆ — ಏ, ಬಾ ಇಲ್ಲಿ, ಕೈ ಎತ್ತಿ ತೋರಿಸು. ಬಂದೆ ಅಂದೆ. ಬಂದೆ ಅಂದ್ರೆ ಬರಬೇಕು ಅಂತಿದ್ದಾಳೆ. ಕೈ ಎಲ್ಲಿವರೆಗೆ ಹೋಗುತ್ತೋ ನಾನೂ ನೋಡಿ —